ನಲವತ್ತಾರು ಅಂಕ ಸಿಕ್ಕ ವಿಷ

ಬೆಳಗಿನ ಆರೂವರೆ. ಏಬರ್ಸ್‌ಗ್ರುಂಡ್ ಊರಿನ ಬೀದಿಗಳಿಂದ ಮಂಜು ಇನ್ನೂ ಎದ್ದಿಲ್ಲ. ಬ್ರೂವರಿಯ ನೆಲಮಾಳಿಗೆಯಲ್ಲಿ ರೋಸ್ವಿತಾ ಡೋರ್ಷ್ ಎರಡನೆಯ ತೊಟ್ಟಿಯ ಪುಟ್ಟ ನಲ್ಲಿ ತಿರುಗಿಸಿ ಗ್ಲಾಸಿಗೆ ನಾಲ್ಕು ಬೆರಳಿನಷ್ಟು ಬಾಕ್ ಎಂಬ ಗಟ್ಟಿ ಬಿಯರು ಹಿಡಿಯುತ್ತಾರೆ. ದೀಪದ ಮುಂದೆ ಎತ್ತಿದರೆ ಆ ಕಪ್ಪು ಬಣ್ಣದ ಅಂಚಿನಲ್ಲಿ ದಾಳಿಂಬೆಯ ಕೆಂಪು ಕಾಣುತ್ತದೆ. ಗ್ಲಾಸನ್ನು ಎರಡೂ ಅಂಗೈಗಳ ನಡುವೆ ಹಿಡಿದು ಬೆಚ್ಚಗೆ ಮಾಡಿಕೊಳ್ಳುತ್ತಾರೆ. ಮೂಗನ್ನು ಒಳಗಿಟ್ಟು ಎರಡು ಚಿಕ್ಕ ಉಸಿರು. ಆಮೇಲೆ ಮೂರು ಗುಟುಕು: ಮೊದಲನೆಯದು ಬಾಯಿ ತೊಳೆಯಲು, ಎರಡನೆಯದು ನಾಲಿಗೆಗೆ, ಮೂರನೆಯದು ಗಂಟಲಿಗೆ. ಮೂರನೆಯದನ್ನು ಮಾತ್ರ ನುಂಗುತ್ತಾರೆ. ಕಹಿ ತಿಳಿಯುವುದು ಗಂಟಲಿನ ಹಿಂಬದಿಯಲ್ಲಿ, ಉಗುಳಿದರೆ ಅದು ಕೈಗೆ ಸಿಗುವುದಿಲ್ಲ.

ಒಂದು ನಿಮಿಷ ಗೋಡೆ ನೋಡುತ್ತಾ ನಿಂತಿರುತ್ತಾರೆ. ಹಾಳೆಯ ಮೇಲೆ ಮೂವತ್ತೊಂಬತ್ತು ಎಂದು ಬರೆಯುತ್ತಾರೆ.

"ಸುಟ್ಟ ಮಾಲ್ಟಿನ ರುಚಿ ಸ್ವಲ್ಪ ಮುಂದೆ ಬಂದು ಕೂತಿದೆ. ಇನ್ನೆರಡು ವಾರ ಮಲಗಲಿ" ಎನ್ನುತ್ತಾರೆ, ಹಟಮಾರಿ ಮಗುವಿನ ಬಗ್ಗೆ ಹೇಳುವ ಹಾಗೆ.

ನಾನು ಈ ಊರಿನಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ದಿನಾ ಬೆಳಿಗ್ಗೆ ನನ್ನ ಕಿಟಕಿಯ ಕೆಳಗೆ ಅವರ ಸೈಕಲ್ ಹಾದುಹೋಗುವುದನ್ನು ನೋಡಿದ್ದೇನೆ. ಬ್ರೂವರಿಯ ಆಫೀಸಿನಲ್ಲಿ ಏನೋ ಕೆಲಸವಿರಬೇಕು ಎಂದುಕೊಂಡಿದ್ದೆ. ಅವರ ಕೆಲಸ ಏನೆಂದು ಗೊತ್ತಾದದ್ದು ಹೋದ ವರ್ಷ ನವೆಂಬರಿನ ಒಂದು ಗುರುವಾರ. ಆ ದಿನ ನಾನು ಜಿಲ್ಲಾ ಕೇಂದ್ರದ ಆಸ್ಪತ್ರೆಯ ಮಂಚದ ಮೇಲಿದ್ದೆ. ನನ್ನ ಜೊತೆಗೆ ಇನ್ನೂ ಹದಿನಾರು ಜನರಿದ್ದರು.

ರೋಸ್ವಿತಾ ಅವರಿಗೆ ಈಗ ಅರವತ್ತೊಂದು. ಮೂವತ್ತೊಂದು ವರ್ಷದ ಹಿಂದೆ ಬಾಟಲಿ ತೊಳೆಯುವ ವಿಭಾಗಕ್ಕೆ ಸೇರಿದವರು. ವಾಪಸು ಬಂದ ಖಾಲಿ ಬಾಟಲಿಗಳನ್ನು ಒಂದೊಂದಾಗಿ ಮೂಸಿ ನೋಡುವುದು ಆಗ ಅವರ ಕೆಲಸ. ಜನ ಖಾಲಿ ಬಾಟಲಿಯಲ್ಲಿ ಟರ್ಪೆಂಟೈನು, ಸೀಮೆಎಣ್ಣೆ, ಹುಲ್ಲಿಗೆ ಹೊಡೆಯುವ ಔಷಧಿ ತುಂಬಿಟ್ಟುಕೊಂಡು ಆಮೇಲೆ ಏನೂ ಆಗದವರಂತೆ ವಾಪಸು ಕೊಟ್ಟುಬಿಡುತ್ತಾರೆ. ತೊಳೆದರೂ ಕೆಲವು ಹೋಗುವುದಿಲ್ಲ. ಎಂಟು ತಿಂಗಳಲ್ಲಿ ರೋಸ್ವಿತಾ ಅಂಥ ಹತ್ತೊಂಬತ್ತು ಬಾಟಲಿ ಹಿಡಿದರು. ಅವರಿಗಿಂತ ಮೊದಲಿದ್ದವರು ವರ್ಷಕ್ಕೆ ಒಂದೋ ಎರಡೋ ಹಿಡಿಯುತ್ತಿದ್ದರಂತೆ. ಆಗಿನ ಯಜಮಾನರು ಹಿರಿಯ ಮೆರ್ಕ್ಲೈನ್. ಅವರು ಒಂದು ಬೆಳಿಗ್ಗೆ ಮೂರು ಗ್ಲಾಸು ಮುಂದಿಟ್ಟು, ಇದರಲ್ಲಿ ಎರಡು ಒಂದೇ ತೊಟ್ಟಿಯದು, ಬೇರೆಯದು ಯಾವುದು ಹೇಳು ಎಂದರು.

"ಮೂರೂ ಒಂದೇ ತೊಟ್ಟಿಯದು ಅಂದೆ. ಒಂದು ಗ್ಲಾಸನ್ನ ಮಾತ್ರ ಸೋಪು ಹಾಕಿ ತೊಳೆದಿದ್ದೀರಿ ಅಂದೆ. ಅವರು ನಗಲಿಲ್ಲ. ನಾಳೆಯಿಂದ ಕೆಳಗೆ ಬಾ ಅಂದ್ರು, ಅಷ್ಟೇ."

ಕೆಳಗೆ ಈಗ ಹನ್ನೊಂದು ತೊಟ್ಟಿಗಳಿವೆ. ತೊಟ್ಟಿಗೆ ಮೂರರಂತೆ ದಿನಕ್ಕೆ ಮೂವತ್ತಮೂರು ಗುಟುಕು. ಬಣ್ಣಕ್ಕೆ ಐದು, ನೊರೆಗೆ ಐದು, ವಾಸನೆಗೆ ಹದಿನೈದು, ರುಚಿಗೆ ಹದಿನೈದು, ನುಂಗಿದ ಮೇಲೆ ಉಳಿಯುವುದಕ್ಕೆ ಹತ್ತು, ಒಟ್ಟು ಐವತ್ತು ಅಂಕ. ಮೂವತ್ತಾರಕ್ಕಿಂತ ಕಡಿಮೆ ಬಂದ ಬಾಕ್ ಹೊರಗೆ ಹೋಗುವುದಿಲ್ಲ. ಮನೆಯಲ್ಲಿ ಅವರು ಕುಡಿಯುವುದು ನೀರು. ಪರಿಮಳದ ಸೋಪಿಲ್ಲ, ಮಧ್ಯಾಹ್ನದವರೆಗೆ ಹಸಿ ಈರುಳ್ಳಿ ಇಲ್ಲ. ಒಮ್ಮೆ ನಮ್ಮ ಮನೆಯಿಂದ ಜೋನಿಬೆಲ್ಲ ಕೊಟ್ಟಿದ್ದೆ. ಬೆರಳ ತುದಿಯಲ್ಲಿ ನೆಕ್ಕಿ, "ಪಾತ್ರೆಯ ತಳ ಒಂದು ಕಡೆ ಹತ್ತಿದೆ, ಎಡಗಡೆಯೋ ಬಲಗಡೆಯೋ ಗೊತ್ತಾಗ್ತಿಲ್ಲ" ಅಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹನ್ನೆರಡು ವರ್ಷದ ಹಿಂದೆ ಗಂಡ ಗೇರ್‌ಹಾರ್ಟ್ ತೀರಿಕೊಂಡರು. ಮಣ್ಣು ಮಾಡಿದ ಮಾರನೆಯ ದಿನವೇ ರೋಸ್ವಿತಾ ಕೆಲಸಕ್ಕೆ ಬಂದರು. ಊರಿನವರು ಕಲ್ಲು ಹೃದಯ ಎಂದು ಆಡಿಕೊಂಡರು.

"ಬಾಕ್ ತೊಟ್ಟಿಯಲ್ಲಿತ್ತು, ಅದು ಯಾರಿಗೂ ಕಾಯಲ್ಲ. ಅತ್ರೆ ಮೂಗು ಕಟ್ಟುತ್ತೆ. ಅದಕ್ಕೆ ಅಳೋದನ್ನ ಮಧ್ಯಾಹ್ನಕ್ಕೆ ಇಟ್ಕೊಂಡೆ" ಎನ್ನುತ್ತಾರೆ. ಹೇಳಿ ಮುಂದಿನ ತೊಟ್ಟಿಗೆ ಹೋಗುತ್ತಾರೆ.

ಹೋದ ವರ್ಷದ ಮಾತಿಗೆ ಬರುತ್ತೇನೆ.

ನವೆಂಬರಿನ ಎರಡನೇ ಶುಕ್ರವಾರ ನಮ್ಮಲ್ಲಿ ಬಾಕ್ ಪೀಪಾಯಿ ತೆರೆಯುವ ಹಬ್ಬ. ಆ ವಾರದ ಸೋಮವಾರ ರೋಸ್ವಿತಾ ನಾಲ್ಕನೆಯ ತೊಟ್ಟಿಯ ಬಿಯರಿಗೆ ನಲವತ್ತಾರು ಅಂಕ ಕೊಟ್ಟರು. ಮೂವತ್ತು ವರ್ಷದಲ್ಲಿ ಅವರು ಅಷ್ಟು ಯಾವುದಕ್ಕೂ ಕೊಟ್ಟವರಲ್ಲ. ಹಾಳೆಯ ಕೊನೆಯಲ್ಲಿ 'ತುಂಬಾ ದುಂಡಗಿದೆ', ಅಂದರೆ ಎಲ್ಲೂ ಒರಟಿಲ್ಲ, ಎಂದೂ ಬರೆದರು. ಈಗಿನ ಯಜಮಾನ, ಹಿರಿಯ ಮೆರ್ಕ್ಲೈನರ ಮಗ ಫೈಟ್, ಆ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಬಂದು ಕಂಡವರಿಗೆಲ್ಲ ತೋರಿಸಿದ. ಹಬ್ಬದಲ್ಲಿ ನುಡಿಸುವ ಊರಿನ ಬ್ಯಾಂಡಿಗೆ ಮೊದಲ ಪೀಪಾಯಿ ಕೊಡುವುದು ಇಲ್ಲಿನ ರೂಢಿ. ಮಂಗಳವಾರ ನಾಲ್ಕನೆಯ ತೊಟ್ಟಿಯ ತಳದ ನಲ್ಲಿಯಿಂದ ಒಂದು ಪೀಪಾಯಿ ತುಂಬಿಸಿ ಕಳಿಸಿದ.

ಬ್ಯಾಂಡಿನವರು ಅಭ್ಯಾಸ ಮಾಡುವ ಸಭಾಂಗಣ ನಮ್ಮ ಮನೆಯ ಎದುರಿಗೇ ಇದೆ. ಬುಧವಾರ ಸಂಜೆ ಕಿಲಿಯನ್ ಕಿಟಕಿಯಿಂದ ಕೈಬೀಸಿ ಕರೆದ. ಕಿಲಿಯನ್ ಊರಿನ ಬೇಕರಿಯವನು, ಬ್ಯಾಂಡಿನಲ್ಲಿ ಟ್ಯೂಬಾ ಎಂಬ ದೊಡ್ಡ ಕಹಳೆ ಊದುತ್ತಾನೆ. ರೋಸ್ವಿತಾರ ಗಂಡನ ತಮ್ಮ.

"ಬಾ ಬಾ. ನಮ್ಮತ್ತಿಗೆ ನಲವತ್ತಾರು ಕೊಟ್ಟಿದ್ದಾಳೆ. ನನ್ನ ಮದುವೆ ಊಟಕ್ಕೂ ಅವಳು ಅಷ್ಟು ಕೊಟ್ಟಿರಲಿಲ್ಲ."

ಅಂದು ನಾನು ಕುಡಿದದ್ದು ಅರ್ಧ ಗ್ಲಾಸು. ಕಿಲಿಯನ್ ಆರು ಗ್ಲಾಸು ಕುಡಿದ. ಆ ಬಿಯರು ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ನಾಲಿಗೆಗೆ ಎಲ್ಲೂ ಒರಟಾಗಿ ತಾಕಲಿಲ್ಲ. ನನ್ನನ್ನು ಇವತ್ತಿಗೂ ಬೆಚ್ಚಿಬೀಳಿಸುವುದು ಅದೇ.

ಪಾಸಾದ ತೊಟ್ಟಿಯನ್ನು ರೋಸ್ವಿತಾ ಮತ್ತೆ ಮುಟ್ಟುವುದಿಲ್ಲ. ಆದರೆ ಆ ವಾರ ಅವರಿಗೆ ಸಮಾಧಾನವಿರಲಿಲ್ಲ. "ನಲವತ್ತಾರು ಕೊಟ್ಟಾಗಿನಿಂದ ಏನೋ ಚುಚ್ತಾ ಇತ್ತು. ಅಷ್ಟು ಚೆನ್ನಾಗಿರೋಕೆ ನಾವೇನು ಹೊಸದು ಮಾಡಿದ್ವಿ ಅಂತ. ಅದೇ ಮಾಲ್ಟು, ಅದೇ ನೀರು." ಗುರುವಾರ ಆರೂವರೆಗೆ ಬಂದವರು ಮೊದಲು ಹೋದದ್ದು ನಾಲ್ಕನೆಯ ತೊಟ್ಟಿಗೆ.

ಬಿಯರು ಸೋಮವಾರಕ್ಕಿಂತ ಸಿಹಿಯಾಗಿತ್ತು.

"ಬಿಯರು ತೊಟ್ಟಿಯಲ್ಲಿ ಮಲಗಿದಷ್ಟೂ ಸಿಹಿ ಕಳ್ಕೊಳ್ಳುತ್ತೆ. ಒಂದು ದಿನವೂ ಗಳಿಸಲ್ಲ. ಇದು ಮೂರು ದಿನದಲ್ಲಿ ಗಳಿಸಿತ್ತು. ಮೊದಲು ನನ್ನ ನಾಲಿಗೆ ಕೆಟ್ಟಿದೆ ಅಂದ್ಕೊಂಡೆ. ಬಾಯಿ ತೊಳೆದೆ, ಬ್ರೆಡ್ಡು ತಿಂದೆ, ಮತ್ತೆ ಕುಡಿದೆ. ಮಾಲ್ಟಿನ ಸಿಹಿ ಒಂದು ಕಡೆ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಸಿಹಿ ಒಂಟಿಯಾಗಿ ನಿಂತಿತ್ತು. ಯಾರದೋ ಮನೆಗೆ ಕರೀದೆ ಬಂದವರ ಹಾಗೆ."

ಹಾಳೆಯ ಮೇಲೆ ಸೊನ್ನೆ ಬರೆದು ಮೇಲೆ ಫೈಟ್ ಬಳಿಗೆ ಹೋದರು. ಎಂಟು ಗಂಟೆಗೆ ಅರವತ್ತು ಪೀಪಾಯಿ ತುಂಬಿಸುವ ಕೆಲಸ ಶುರುವಾಗಬೇಕಿತ್ತು. ಮರುದಿನ ಹತ್ತು ಊರುಗಳಿಂದ ಜನ ಬರುವವರಿದ್ದರು. ಅಲ್ಲಿ ನಡೆದ ಮಾತನ್ನು ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ, ಎರಡೂ ಒಂದೇ ತರ ಇವೆ.

"ನಾಲ್ಕನ್ನ ತುಂಬಿಸಬೇಡ."

"ರೋಸಿ, ನಲವತ್ತಾರು ಕೊಟ್ಟಿದ್ದು ನೀನೇ."

"ತಪ್ಪು ಮಾಡಿದೆ."

"ಲ್ಯಾಬಿನ ಅಂಕಿ ಎಲ್ಲಾ ಸರಿಯಾಗಿದೆ. ನಿನಗೆ ವಯಸ್ಸಾಯ್ತು, ಅಥವಾ ನೆಗಡಿ ಆಗಿದೆ."

"ಲ್ಯಾಬಿನವರು ಏನು ಹುಡುಕ್ತಾರೋ ಅಷ್ಟೇ ಸಿಗುತ್ತೆ. ಫೈಟ್, ತೊಟ್ಟಿ ತಂಪು ಮಾಡೋ ಕೊಳವೆಯಲ್ಲಿ ಏನಿದೆ?"

"ಯಾವಾಗ್ಲೂ ಇರೋದೇ. ಅದು ಹೊಟ್ಟೆಗೆ ಹೋದ್ರೂ ಏನೂ ಆಗಲ್ಲ."

"ಅದರ ರುಚಿ ನನಗೆ ಗೊತ್ತು. ನಿಮ್ಮಪ್ಪ ಒಂದ್ಸಲ ನೆಕ್ಕಿಸಿದ್ರು. ಇದು ಅದಲ್ಲ."

ಎರಡು ವಾರದಿಂದ ಕೊಳವೆಯ ದ್ರವದ ಮಟ್ಟ ಇಳಿಯುತ್ತಿತ್ತು. ಪಂಪು ಹಳೆಯದು, ಎಲ್ಲೋ ಹನಿಯುತ್ತಿದೆ ಎಂದು ಫೈಟ್ ಅಂದುಕೊಂಡಿದ್ದ. ತರಿಸಿದ ದ್ರವ ಬರುವುದು ತಡವಾಗಿತ್ತು. ಹಬ್ಬ ಹತ್ತಿರ ಬಂದಿತ್ತು.

"ಶೆಡ್ಡಿನಲ್ಲಿ ಲಾರಿಗೆ ಹಾಕೋ ಡಬ್ಬ ಇದ್ದವು" ಅಂದ. "ಮೂರು."

ಲಾರಿಯ ಎಂಜಿನ್ನು ಹೆಪ್ಪುಗಟ್ಟದಂತೆ ಹಾಕುವ ದ್ರವ ಅದು. ಸಿಹಿಯಾಗಿರುತ್ತದೆ. ಮನುಷ್ಯನ ಮೂತ್ರಪಿಂಡವನ್ನು ಎರಡು ದಿನದಲ್ಲಿ ಮುಗಿಸಿಬಿಡುತ್ತದೆ. ನಾಲ್ಕನೆಯ ತೊಟ್ಟಿಯ ಗೋಡೆಯಲ್ಲಿ ಕೂದಲಿನಷ್ಟು ಬಿರುಕು ಬಿಟ್ಟಿತ್ತು. ಅವನು ಕೊಳವೆಗೆ ಸುರಿದದ್ದೆಲ್ಲ ಹನಿಹನಿಯಾಗಿ ಬಿಯರಿಗೆ ಇಳಿದಿತ್ತು. ಬಿಯರಿಗಿಂತ ಭಾರವಾದ್ದರಿಂದ ತಳಕ್ಕೆ ಹೋಗಿ ಕೂತಿತ್ತು. ಮೊದಲ ಪೀಪಾಯಿ ತುಂಬಿದ್ದು ತಳದಿಂದ.

"ಆ ಹೊತ್ತಿಗೆ ಬ್ಯಾಂಡಿನವರ ನೆನಪೇ ನನಗೆ ಬರಲಿಲ್ಲ" ಎನ್ನುತ್ತಾನೆ ಫೈಟ್. ಅವನು ಇದನ್ನು ನೆಲ ನೋಡಿಕೊಂಡು ಹೇಳುತ್ತಾನೆ. "ಇಡೀ ತೊಟ್ಟಿ ಹೋಯ್ತು, ಹಬ್ಬ ಹೋಯ್ತು ಅಂತ ಯೋಚಿಸ್ತಿದ್ದೆ. ಮೊದಲನೇ ಪೀಪಾಯಿ ಎಲ್ಲಿ ಅಂತ ಕೇಳಿದ್ದು ರೋಸಿ. ನಾನು ಬಾಯಿ ತೆರೆಯೋಕೆ ಮುಂಚೆ ಅವಳು ಕೋಟು ಹಾಕ್ಕೊಂಡಿದ್ದಳು."

ಆಂಬುಲೆನ್ಸಿಗೂ ಬ್ಯಾಂಡಿನವರೆಲ್ಲರಿಗೂ ಫೋನ್ ಮಾಡಲು ಅವನಿಗೆ ಹೇಳಿ ರೋಸ್ವಿತಾ ಸೈಕಲ್ ಹತ್ತಿದರು. ಬೇಕರಿ ತೆರೆಯುವುದು ಐದೂವರೆಗೆ. ಏಳು ಗಂಟೆಯಾದರೂ ಬಾಗಿಲು ಹಾಕಿತ್ತು. ನಾಲ್ಕೈದು ಜನ ಚೀಲ ಹಿಡಿದು ಹೊರಗೆ ನಿಂತಿದ್ದರು, ನಗುತ್ತಿದ್ದರು.

"ಕಿಲಿಯನ್‌ಗೆ ನಿನ್ನೆ ಜಾಸ್ತಿಯಾಗಿದೆ. ಒಳಗಿಂದ ಏನೋ ತೊದಲ್ದ. ಮಲಗಲಿ ಬಿಡು ರೋಸಿ, ಇನ್ನೊಂದು ಗಂಟೆಗೆ ಸರಿಹೋಗ್ತಾನೆ" ಅಂದಳು ಒಬ್ಬಾಕೆ.

ಆ ತೊದಲು ಕೇಳಿದ್ದರೆ ಅವತ್ತು ಯಾರಾದರೂ ಹಾಗೇ ಅನ್ನುತ್ತಿದ್ದರು. ನಾನೂ ಅನ್ನುತ್ತಿದ್ದೆ. ಹಾಗೆ ಮಲಗಲು ಬಿಟ್ಟಿದ್ದರೆ ಕಿಲಿಯನ್ ಏಳುತ್ತಿರಲಿಲ್ಲ.

ರೋಸ್ವಿತಾ ಹಿಂದಿನ ಬಾಗಿಲಿನಿಂದ ಒಳಗೆ ಹೋದರು. ಕಿಲಿಯನ್ ಹಿಟ್ಟಿನ ಮೂಟೆಗಳಿಗೆ ಒರಗಿ ನೆಲದ ಮೇಲೆ ಕೂತಿದ್ದ. ಉಸಿರು ಓಡಿಬಂದವನಂತೆ ಜೋರಾಗಿತ್ತು. ಕಲಸಿಟ್ಟ ಹಿಟ್ಟು ಉಬ್ಬಿ ತೊಟ್ಟಿಯಿಂದ ಹೊರಗೆ ಚೆಲ್ಲಿತ್ತು.

"ರೋಸಿ, ಬನ್ನು ಸುಟ್ಟುಹೋಗ್ತಿದೆ, ತೆಗಿ" ಅಂದ.

ಒಲೆ ಹಚ್ಚಿರಲೇ ಇಲ್ಲ.

"ಅವನ ಬಾಯಿ ಹತ್ತಿರ ಮೂಗು ಇಟ್ಟು ನೋಡಿದೆ. ಅಷ್ಟು ತೊದಲೋಕೆ ಎಷ್ಟು ವಾಸನೆ ಬೇಕೋ ಅಷ್ಟು ಇರಲಿಲ್ಲ. ಇದು ಕುಡಿತ ಅಲ್ಲ ಅಂತ ಗೊತ್ತಾಯ್ತು. ಅವನ ಕೆನ್ನೆಗೆ ಎರಡು ಹೊಡೆದೆ. ನಿದ್ದೆ ಮಾಡ್ಬೇಡ ಕಣೋ, ಇನ್ನೊಬ್ಬ ಡೋರ್ಷ್‌ನ ನಾನು ಹೊರೋಕಾಗಲ್ಲ ಅಂದೆ."

ಆಂಬುಲೆನ್ಸಿನವರು ಬಂದಾಗ ಅವರು ಹೇಳಿದ್ದು ಒಂದೇ ಮಾತು: ಇವನು ಕುಡಿದದ್ದರಲ್ಲಿ ಲಾರಿಯ ಎಂಜಿನ್ನಿಗೆ ಹಾಕುವ ದ್ರವ ಇದೆ. ಆಸ್ಪತ್ರೆಯ ವೈದ್ಯೆ ಆಮೇಲೆ ನನಗೆ ಹೇಳಿದರು, ಆ ಒಂದು ಮಾತು ಬರದಿದ್ದರೆ ನಾವು ಬೇರೆ ಹತ್ತು ಕಾಯಿಲೆ ಹುಡುಕುತ್ತ ಮಧ್ಯಾಹ್ನ ಮಾಡುತ್ತಿದ್ದೆವು ಎಂದು. ಅವರು ಇನ್ನೊಂದು ಸಂಗತಿಯನ್ನೂ ಹೇಳಿದರು. ನಮ್ಮನ್ನು ಬೆಳಗಿನವರೆಗೆ ಉಳಿಸಿದ್ದು ಆ ಬಿಯರೇ. ದೇಹ ಮೊದಲು ಮದ್ಯವನ್ನು ಅರಗಿಸುತ್ತದೆ, ಅದು ಮುಗಿಯುವವರೆಗೆ ಈ ವಿಷಕ್ಕೆ ಕೈಹಾಕುವುದಿಲ್ಲ. ಬಾಕ್ ಅಷ್ಟು ಗಟ್ಟಿಯಾಗಿಲ್ಲದಿದ್ದರೆ, ಅದೇ ವಿಷ ನಿಂಬೆ ಪಾನಕದಲ್ಲಿದ್ದಿದ್ದರೆ, ಕಿಲಿಯನ್ ಮುಂಜಾನೆ ಹಿಟ್ಟು ಕಲಸಲೂ ಏಳುತ್ತಿರಲಿಲ್ಲ. ಮತ್ತೆ, ಶುಕ್ರವಾರದ ಹಬ್ಬಕ್ಕೆ ಬರಬೇಕಾಗಿದ್ದವರು ನಾನೂರು ಜನ.

ಹದಿನೇಳು ಮಂದಿಯೂ ಬದುಕಿದೆವು. ಹೆಚ್ಚಿನವರನ್ನು ಎರಡು ದಿನದಲ್ಲಿ ಮನೆಗೆ ಕಳಿಸಿದರು. ಇಬ್ಬರು ಒಂಬತ್ತು ದಿನ ಇದ್ದರು. ಕಿಲಿಯನ್ ಏಳು ವಾರ ಡಯಾಲಿಸಿಸ್ ಮಾಡಿಸಿಕೊಂಡ. ಅವನ ಮೂತ್ರಪಿಂಡ ಮತ್ತೆ ಕೆಲಸ ಶುರುಮಾಡಿದೆ, ಮೊದಲಿನಷ್ಟಲ್ಲ. ಬಿಯರು ಇನ್ನು ಅವನಿಗಿಲ್ಲ.

ಪತ್ರಿಕೆಗಳಲ್ಲಿ ಎಲ್ಲ ಬಂತು. ಬಿರುಕಿನ ಚಿತ್ರ ಬಂತು, ಡಬ್ಬದ ಚಿತ್ರ ಬಂತು, ಕೋರ್ಟಿನ ಮೆಟ್ಟಿಲ ಮೇಲೆ ತಲೆತಗ್ಗಿಸಿ ನಿಂತ ಫೈಟ್‌ನ ಚಿತ್ರ ಬಂತು. ಅವನು ಒಂದನ್ನೂ ಮುಚ್ಚಿಡದೆ ಒಪ್ಪಿಕೊಂಡ, ಜೈಲಿಗೆ ಕಳಿಸದೆ ಅಮಾನತಿನಲ್ಲಿಟ್ಟ ಶಿಕ್ಷೆಯಾಯಿತು. ರೋಸ್ವಿತಾರ ಬಗ್ಗೆ ಬಂದದ್ದು 'ಸಿಬ್ಬಂದಿಯೊಬ್ಬರ ಸಮಯಪ್ರಜ್ಞೆ' ಎಂಬ ಎರಡು ಪದ, ಹೆಸರಿಲ್ಲದೆ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿದ್ದರೆಂದು ಮೊದಲು ತಿಳಿದಿದ್ದೆ. ಅದು ಸುಳ್ಳು. ಯಾರೂ ಅವರನ್ನು ಕೇಳಿರಲೇ ಇಲ್ಲ.

ಕೇಳಿದವರು ಪೊಲೀಸರು ಮಾತ್ರ. ಅವರ ಮುಂದೆ ರೋಸ್ವಿತಾ ಸೋಮವಾರದ ಹಾಳೆಯನ್ನು ತಾವಾಗಿಯೇ ಇಟ್ಟರು. ಇದು ಬೇಕಿಲ್ಲ, ನೀವು ಗುರುವಾರ ಹಿಡಿದದ್ದು ಸಾಕು ಎಂದನಂತೆ ಅಧಿಕಾರಿ.

"ಬೇಕು ಅಂದೆ. ಬರ್ಕೊಳ್ಳಿ ಅಂದೆ. ಊರಿನವರು ನನ್ನ ಗುರುವಾರದ ಸೊನ್ನೆ ನೆನಪಿಟ್ಕೊಂಡಿದ್ದಾರೆ. ನನಗೆ ಸೋಮವಾರದ್ದು ಮರೆಯೋಕಾಗಲ್ಲ. ಮೂವತ್ತು ವರ್ಷ ಈ ಮೂಗನ್ನ ನಂಬಿದ್ದೆ. ಅದು ವಿಷಕ್ಕೆ ನಲವತ್ತಾರು ಕೊಡ್ತು. ಚೆನ್ನಾಗಿದೆ ಅನ್ನಿಸ್ತು ನನಗೆ. ನಿಜವಾಗ್ಲೂ ಚೆನ್ನಾಗಿದೆ ಅನ್ನಿಸ್ತು." ಇದನ್ನು ಹೇಳುವಾಗ ಅವರ ದನಿ ಏರುವುದಿಲ್ಲ. ಗ್ಲಾಸು ಹಿಡಿದ ಕೈ ಮಾತ್ರ ಮೇಜಿನ ಮೇಲಿಂದ ಏಳುವುದಿಲ್ಲ.

ಬ್ರೂವರಿ ಐದು ತಿಂಗಳು ಮುಚ್ಚಿತ್ತು. ಆ ಐದು ತಿಂಗಳು ರೋಸ್ವಿತಾ ಸಿಹಿ ತಿನ್ನಲಿಲ್ಲ. ಬಾಯಿಗಿಟ್ಟರೆ ಉಗುಳುವ ಹಾಗಾಗುತ್ತಿತ್ತು. ಒಂದು ದಿನ ಕಿಲಿಯನ್ ಆಸ್ಪತ್ರೆಯಿಂದ ನೇರ ಅವರ ಮನೆಗೆ ಬಂದು, ಅಡುಗೆಮನೆಗೆ ಹೋಗಿ, ಸೇಬಿನ ಕೇಕು ಮಾಡಿ ಮುಂದಿಟ್ಟ.

"ತಿನ್ನು. ನಾನು ಸಾಯಲಿಲ್ಲ, ನೀನ್ಯಾಕೆ ಸತ್ತವಳ ಹಾಗೆ ಕೂತಿದೀಯ" ಅಂದ. ಅವರು ತಿಂದರು. ಎಷ್ಟು ಅಂಕ ಎಂದು ಕೇಳಿದ. "ಇಪ್ಪತ್ತೆರಡು, ಸೇಬು ಹುಳಿ" ಅಂದರಂತೆ. ಮೂತ್ರಪಿಂಡ ವಿಭಾಗದಿಂದ ಹೊರಬಂದ ದಿನವೂ ಅವನಿಗೆ ಅಷ್ಟು ಖುಷಿಯಾಗಿರಲಿಲ್ಲವಂತೆ.

ಏಪ್ರಿಲಿನಲ್ಲಿ ಫೈಟ್ ಅವರ ಬಾಗಿಲಿಗೆ ಬಂದ. ನೀನು ಬರದಿದ್ದರೆ ಬೀಗ ತೆಗೆಯುವುದಿಲ್ಲ ಅಂದ. ರೋಸ್ವಿತಾ ಒಂದೇ ಷರತ್ತು ಹಾಕಿದರು: ಸೊನ್ನೆ ಬರೆದ ದಿನ ವಾದವಿಲ್ಲ. ಈಗ ಪಾಸಾದ ತೊಟ್ಟಿಯನ್ನೂ ಅವರು ಹೊರಗೆ ಹೋಗುವ ದಿನದವರೆಗೆ ಬಿಡದೆ ನೋಡುತ್ತಾರೆ. ನಾಲ್ಕನೆಯ ತೊಟ್ಟಿ ಇದ್ದ ಜಾಗ ಖಾಲಿ ಇದೆ. ಅದರ ಮುಂದೆ ಹಾದುಹೋಗುವಾಗ ಅವರ ನಡಿಗೆ ನಿಧಾನವಾಗುವುದನ್ನು ನಾನು ಗಮನಿಸಿದ್ದೇನೆ, ಕೇಳುವ ಧೈರ್ಯವಾಗಿಲ್ಲ.

ಎರಡು ವಾರದ ಹಿಂದೆ ಈ ವರ್ಷದ ಹಬ್ಬ ನಡೆಯಿತು. ಇನ್ನೂರು ಜನವಾದರೂ ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದೆವು. ನಾನೂರಕ್ಕೂ ಹೆಚ್ಚು ಬಂದರು. ಮೊದಲ ಪೀಪಾಯಿಗೆ ನಲ್ಲಿ ಬಡಿದರು, ಗ್ಲಾಸುಗಳು ತುಂಬಿದವು, ಎಲ್ಲರ ಕೈಗೂ ಬಂದವು. ಯಾರೂ ಎತ್ತಲಿಲ್ಲ. ಅದು ಮೊದಲೇ ಮಾತಾಡಿಕೊಂಡದ್ದಲ್ಲ. ಒಬ್ಬರ ಮುಖ ಒಬ್ಬರು ನೋಡಿದರು, ಗ್ಲಾಸು ನೋಡಿದರು, ಸುಮ್ಮನೆ ನಿಂತರು. ನನ್ನ ಕೈಯಲ್ಲೂ ಗ್ಲಾಸಿತ್ತು. ಕೈ ಮೇಲೇಳಲಿಲ್ಲ. ಫೈಟ್ ವೇದಿಕೆಯ ಮೇಲೆ ಬಿಳಿಚಿಕೊಂಡು ನಿಂತಿದ್ದ.

ಕಿಲಿಯನ್ ತೊಡೆಯ ಮೇಲಿದ್ದ ಟ್ಯೂಬಾ ಕೆಳಗಿಟ್ಟು ಎದ್ದ. ರೋಸ್ವಿತಾ ಹಿಂದೆ, ಅಡುಗೆಯವರ ಜೊತೆ, ಅಂಗಿಯ ತೋಳು ಮೇಲೆ ಮಡಿಸಿಕೊಂಡು ಮೂಲಂಗಿ ಹೆಚ್ಚುತ್ತಿದ್ದರು. ಅವನು ಒಂದು ಗ್ಲಾಸು ತೆಗೆದುಕೊಂಡು ಹೋಗಿ ಅವರ ಮುಂದಿಟ್ಟ. ಅವರು ಕೈ ತೊಳೆದು ಒರೆಸಿಕೊಂಡರು. ದೀಪಕ್ಕೆ ಹಿಡಿದು ನೋಡಿದರು. ಎರಡು ಉಸಿರು ಎಳೆದರು. ಮೂರು ಗುಟುಕು ಕುಡಿದು, ನಾನೂರು ಜನ ನೋಡುತ್ತಿರುವಂತೆಯೇ, ಪೂರ್ತಿ ಒಂದು ನಿಮಿಷ ಎದುರಿನ ಗೋಡೆ ನೋಡುತ್ತ ನಿಂತರು.

"ನಲವತ್ತೊಂದು" ಅಂದರು. "ಕುಡೀರಿ."

ಆಗ ಜನ ಕುಡಿದರು. ನಾನೂ ಕುಡಿದೆ, ಬ್ಯಾಂಡು ಶುರುವಾಯಿತು, ಯಾರೋ ಅಳುತ್ತಿದ್ದರು.

ಇವತ್ತು ಬೆಳಿಗ್ಗೆ ನೆಲಮಾಳಿಗೆಯಲ್ಲಿ ಆ ಸಂಜೆಯ ಬಗ್ಗೆ ಕೇಳುತ್ತೇನೆ. ಆ ಕ್ಷಣ ಏನನ್ನಿಸಿತು ಎನ್ನುತ್ತೇನೆ. ರೋಸ್ವಿತಾ ಗ್ಲಾಸು ತೊಳೆದು ಬೋರಲು ಹಾಕುತ್ತಾರೆ.

"ಏನಿಲ್ಲ. ನಲವತ್ತೊಂದೇನಾ ಅಂತ ಫೈಟ್ ಮುಖ ಸಣ್ಣದಾಯ್ತು. ಊರೆಲ್ಲಾ ಅಷ್ಟು ಹೆದ್ರಿಕೊಂಡು ನಿಂತಿತ್ತು, ಇನ್ನೊಂದೆರಡು ಜಾಸ್ತಿ ಹೇಳಿದ್ರೆ ಎಲ್ಲಾರಿಗೂ ಸಮಾಧಾನ ಆಗೋದು. ಆದ್ರೆ ಬಿಯರಿನಲ್ಲಿ ಅಷ್ಟು ಇರಲಿಲ್ಲ. ಇರಲಿಲ್ಲ, ಕೊಡಲಿಲ್ಲ."